ಖಾಲಿ ಹೊಟ್ಟೆಯಲ್ಲಿ ಜೋರು ಓಟ: ಕಣ್ಣಿಗೆ ಕತ್ತಲೆ ಬಂದಿದ್ದು ಯಾಕೆ?

ಪ್ರಶ್ನೆ: ಡಾಕ್ಟರ್ ಮೇಡಂ, ನನಗೆ 36 ವರ್ಷ. ದಾವಣಗೆರೆಯಲ್ಲಿ ಬಟ್ಟೆ ಅಂಗಡಿ, ದಿನವಿಡೀ ಗಲ್ಲಾದಲ್ಲಿ ಕೂತಿರ್ತೀನಿ. ಹೊಟ್ಟೆ ಬಂದಿದೆ ಅಂತ ಕುಂದವಾಡ ಕೆರೆ ಹತ್ತಿರ ಓಡೋಕೆ ಶುರು ಮಾಡಿದೆ. ಬೆಳಗ್ಗೆ ಐದೂವರೆಗೆ, ಏನೂ ತಿನ್ನದೆ ಕುಡಿಯದೆ, 15 ನಿಮಿಷ. ಆದಷ್ಟು ಜೋರಾಗಿ ಓಡೋದು, ಸುಸ್ತಾದರೆ ನಿಲ್ಲೋದು, ಮತ್ತೆ ಓಡೋದು. ಐದನೇ ದಿನ ಕಣ್ಣಿಗೆ ಕತ್ತಲೆ ಬಂತು. ಖಾಲಿ ಹೊಟ್ಟೆಯಲ್ಲಿ ಓಡಿದರೆ ಇನ್ನೇನಾಗುತ್ತೆ ಅಂತ ಅಮ್ಮ ಬೈತಿದ್ದಾರೆ. ಹಾಗೆ ಓಡಿದರೇ ಕೊಬ್ಬು ಕರಗೋದು ಅಂತ ಗೆಳೆಯರು ಹೇಳ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ಒಂದು ಹೇಳಿ. ಕತ್ತಲೆ ಬಂದಿದ್ದು ಓಡುವಾಗಲಾ, ನಿಂತ ಮೇಲಾ? ಎದೆ ಬಿಗಿ ಹಿಡಿದಿತ್ತಾ?

ಪ್ರಶ್ನೆ: ನಿಂತ ಮೇಲೆ ಮೇಡಂ. ಮಂಡಿಗೆ ಕೈ ಊರಿ ತಲೆ ಬಗ್ಗಿಸಿ ನಿಂತಿದ್ದೆ, ತಲೆ ಎತ್ತಿದ ಕೂಡಲೇ ಹಾಗಾಯ್ತು. ಕೂತು ನೀರು ಕುಡಿದ ಮೇಲೆ ಸರಿ ಹೋಯ್ತು. ಎದೆಯಲ್ಲಿ ಏನೂ ಇರಲಿಲ್ಲ.

ಉತ್ತರ: ಹಾಗಾದರೆ ತಪ್ಪು ಹೊಟ್ಟೆಯದ್ದಲ್ಲ, ನಿಂತ ರೀತಿಯದ್ದು ಅಂತ ನನಗನ್ನಿಸುತ್ತೆ. ಓಡುವಾಗ ಕಾಲಿನ ರಕ್ತನಾಳಗಳು ಅಗಲವಾಗಿರುತ್ತವೆ, ಮೀನಖಂಡ ಒಂದೊಂದು ಹೆಜ್ಜೆಗೂ ರಕ್ತವನ್ನು ಹಿಂಡಿ ಮೇಲಕ್ಕೆ ಕಳಿಸುತ್ತಿರುತ್ತದೆ. ನೀವು ಗಕ್ಕನೆ ನಿಂತರೆ ಆ ಹಿಂಡುವಿಕೆ ನಿಲ್ಲುತ್ತದೆ, ರಕ್ತ ಕಾಲಲ್ಲೇ ಉಳಿಯುತ್ತದೆ, ತಲೆಗೆ ಸಾಕಾಗುವುದಿಲ್ಲ. ರಾತ್ರಿಯಿಂದ ನೀರು ಬೇರೆ ಕುಡಿದಿಲ್ಲ. ಕೆರೆ ಹತ್ತಿರ ನಾನೂ ನೋಡ್ತೀನಿ, ಬೈಕ್ ಸ್ಟ್ಯಾಂಡ್ ಹಾಕಿ ಕೀ ಜೇಬಿಗೆ ಹಾಕಿಕೊಂಡವರೇ ಒಂದೇ ಸಮನೆ ಓಡ್ತಾರೆ, ಆಮೇಲೆ ಹಾಗೇ ನಿಂತುಬಿಡ್ತಾರೆ. ನೋಡಿದಾಗಲೆಲ್ಲ ಭಯ ಆಗುತ್ತೆ.

ಖಾಲಿ ಹೊಟ್ಟೆ ಅಂದರೆ ಕಾಲಲ್ಲಿ ಶಕ್ತಿ ಇಲ್ಲ ಅಂತಲ್ಲ. ರಾತ್ರಿ ಮಲಗಿದಾಗ ಖರ್ಚಾಗುವುದು ಜಾಸ್ತಿ ಲಿವರ್‌ನಲ್ಲಿಟ್ಟ ಸಕ್ಕರೆ, ಅದು ಮೆದುಳಿಗೆ ಹೋಗುತ್ತೆ. ಸ್ನಾಯುಗಳ ದಾಸ್ತಾನು ಬಹುಪಾಲು ಹಾಗೇ ಇರುತ್ತೆ, ಅಂದರೆ ರಾತ್ರಿ ಉಂಡ ಮುದ್ದೆ ಅನ್ನ ಬೆಳಗ್ಗೆ ಕಾಲಲ್ಲಿದೆ. 15–20 ನಿಮಿಷದ ಓಟಕ್ಕೆ ಅಷ್ಟು ಸಾಕು. ಗೆಳೆಯರ ಮಾತು ಅರ್ಧ ನಿಜ. ಖಾಲಿ ಹೊಟ್ಟೆಯಲ್ಲಿ ನಿಧಾನವಾಗಿ ಓಡಿದರೆ ಆ ಹೊತ್ತಿಗೆ ಕೊಬ್ಬು ಸ್ವಲ್ಪ ಜಾಸ್ತಿ ಉರಿಯುತ್ತೆ. ಜೋರು ಓಟದಲ್ಲಿ ದೇಹ ಸಕ್ಕರೆಯನ್ನೇ ಹೆಚ್ಚು ಬಳಸುತ್ತೆ. ಹೊಟ್ಟೆ ಕರಗೋದು ದಿನದ ಒಟ್ಟು ಊಟದ ಮೇಲೆ, ತಿಂದು ಓಡಿದಿರಾ ತಿನ್ನದೆ ಓಡಿದಿರಾ ಅನ್ನೋದರ ಮೇಲಲ್ಲ.

ಈಗ ಹೀಗೆ ಮಾಡಿ. ಒಂದು ವಾರ ಬರೀ ಚುರುಕು ನಡಿಗೆ. ಆಮೇಲೆ ಎದ್ದ ತಕ್ಷಣ ಒಂದು ಲೋಟ ನೀರು, 10 ನಿಮಿಷ ನಡಿಗೆ ಮತ್ತು ನಿಧಾನ ಓಟ. ಬೆಳಗಿನ ಜಾವ ಮೈ ಬೆಚ್ಚಗಿರೋದಿಲ್ಲ, ಇದನ್ನು ಬಿಟ್ಟರೆ ತೊಡೆಯ ಹಿಂಭಾಗ ಹಿಡಿದುಕೊಳ್ಳುತ್ತೆ. ನಂತರ 20 ಸೆಕೆಂಡ್ ಜೋರು, ಒಂದೂವರೆ ನಿಮಿಷ ನಡಿಗೆ, ಮೊದಲಿಗೆ ನಾಲ್ಕೇ ಸಲ. ಕೊನೆಗೆ 5 ನಿಮಿಷ ನಡೆಯಲೇಬೇಕು. ವಾರಕ್ಕೆ ಎರಡು ದಿನ ಸಾಕು, ನಡುವೆ ಎರಡು ದಿನವಾದರೂ ಬಿಡುವು ಇರಲಿ. ಅಮ್ಮನ ಸಮಾಧಾನಕ್ಕೆ ಅರ್ಧ ಬಾಳೆಹಣ್ಣು ತಿಂದರೆ ನಷ್ಟವೇನಿಲ್ಲ. ಓಡುತ್ತಿರುವಾಗಲೇ ಕತ್ತಲೆ ಬಂದರೆ ಅಥವಾ ಎದೆ ಬಿಗಿದರೆ ಮಾತ್ರ ಇಲ್ಲಿ ಬರೆಯುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ.

ಇನ್ನೊಬ್ಬರ ಪ್ರಶ್ನೆ: ಅಕ್ಕಾ, ನಮ್ಮಪ್ಪನಿಗೆ 58, ಶುಗರ್ ಇದೆ, ಗ್ಲಿಮೆಪಿರೈಡ್ ಮಾತ್ರೆ ತಗೋತಾರೆ. ಅವರೂ ಹೀಗೆ ಓಡಬಹುದಾ?

ಉತ್ತರ: ಈಗಲೇ ಬೇಡಮ್ಮಾ. ಆ ಮಾತ್ರೆ, ಇನ್ಸುಲಿನ್ ಇದ್ದವರಿಗೆ ಖಾಲಿ ಹೊಟ್ಟೆಯಲ್ಲಿ ಶುಗರ್ ಏಕಾಏಕಿ ಇಳಿಯಬಹುದು. ನಡುಕ, ತಣ್ಣನೆ ಬೆವರು ಬಂದರೆ ಅದೇ ಗುರುತು, ಆಗ ತಕ್ಷಣ ಸಕ್ಕರೆ ಕೊಡಬೇಕು. ನಡೆಯಲು ಹೋಗುವ ಮುಂಚೆಯೂ ಶುಗರ್ ನೋಡಿ, 90ಕ್ಕಿಂತ ಕಡಿಮೆ ಇದ್ದರೆ ಏನಾದರೂ ತಿನ್ನಿಸಿಯೇ ಕಳಿಸಿ. ಜೇಬಿನಲ್ಲಿ ಗ್ಲೂಕೋಸ್ ಇರಲಿ. ಜೋರು ಓಟದ ಮಾತು ಹೃದಯ ತಪಾಸಣೆ ಆದ ಮೇಲೆ, ಅವರ ಡಾಕ್ಟರ್ ಹತ್ತಿರ.

ಮೊದಲಿನವರು: ಮೇಡಂ, ಓಡಿ ಬಂದ ಮೇಲೆ ಬೆಣ್ಣೆ ದೋಸೆ ತಿನ್ನಬಹುದಾ? ದಾರಿಯಲ್ಲೇ ಹೋಟೆಲ್ ಇದೆ.

ಉತ್ತರ: ಭಾನುವಾರ ಒಂದು ತಿನ್ನಿ. ಉಳಿದ ದಿನ ಮನೆಯಲ್ಲಿ ಎರಡು ಮೊಟ್ಟೆ ಇಲ್ಲವೇ ಮೊಳಕೆ ಹೆಸರುಕಾಳಿನ ಉಸಲಿ, ಜೊತೆಗೆ ಒಂದು ಜೋಳದ ರೊಟ್ಟಿ. ಮುಂದಿನ ವಾರ ಹೇಗಿದೆ ಅಂತ ಇಲ್ಲೇ ಬರೀರಿ.