ರೋಬೋ ನಾಯಿಗೆ ತಿಥಿ ಮಾಡಿದರೆ ತಪ್ಪೇನು?

(ನಮ್ಮ ಮನೆಯವರ ವಾಟ್ಸಾಪ್ ಗುಂಪು. ಟೋಕಿಯೋದಿಂದ ನಾನು ಒಂದು ವಿಡಿಯೋ ಹಾಕಿದ್ದೆ. ಚಿಬಾ ಪ್ರಾಂತ್ಯದ ಇಸುಮಿಯಲ್ಲಿ ಕೊಫುಕುಜಿ ಅಂತ ಬೌದ್ಧ ದೇವಾಲಯ. ಅಲ್ಲಿ ಸಾಲಾಗಿ ಕೂರಿಸಿದ ರೋಬೋ ನಾಯಿಗಳು, ಎದುರಿಗೆ ಮಂತ್ರ ಹೇಳುತ್ತಿರುವ ಗುರುಗಳು.)

ಚಿಕ್ಕಪ್ಪ: ಪುಟ್ಟಿ, ಏನಮ್ಮಾ ಇದು? ಪ್ಲಾಸ್ಟಿಕ್ ನಾಯಿಗೆ ತಿಥಿನಾ? ನನಗಂತೂ ಇದು ಸರಿ ಕಾಣಲಿಲ್ಲ.

ನಾನು: ಚಿಕ್ಕಪ್ಪ, ಇದರ ಹೆಸರು ಐಬೋ. ಸೋನಿ ಕಂಪನಿ 1999ರಲ್ಲಿ ತಂದಿದ್ದು. ಬೆಲೆ 2,50,000 ಯೆನ್. ಆದರೂ ಜಪಾನಿಗೆ ಇಟ್ಟಿದ್ದ 3,000 ನಾಯಿಗಳು 20 ನಿಮಿಷದಲ್ಲಿ ಖಾಲಿಯಾದವು. 2006ರಲ್ಲಿ ತಯಾರಿಕೆ ನಿಂತಿತು, 2014ರಲ್ಲಿ ರಿಪೇರಿಯೂ ನಿಂತಿತು. ಆಮೇಲೆ ಸೋನಿಯಲ್ಲಿ ಕೆಲಸ ಮಾಡಿದ್ದ ಹಳೇ ಇಂಜಿನಿಯರುಗಳು ಎ-ಫನ್ ಅಂತ ಸಣ್ಣ ಕಂಪನಿಯಲ್ಲಿ ಸೇರಿ ರಿಪೇರಿಗೆ ಇಳಿದರು. ಹೊಸ ಪಾರ್ಟ್ ಎಲ್ಲೂ ಸಿಗುವುದಿಲ್ಲ. ನಿಂತುಹೋದ ಇನ್ನೊಂದು ಐಬೋದಿಂದಲೇ ಬಿಚ್ಚಿಕೊಳ್ಳಬೇಕು. ಹಾಗೆ ಬಿಚ್ಚುವ ಮೊದಲು ಈ ಪೂಜೆ. 2015ರಿಂದ ಶುರುವಾಯಿತು. ನಾಯಿಗಳ ಮೈಮೇಲಿನ ಚೀಟಿ ನೋಡಿದಿರಾ? ಎಲ್ಲಿಂದ ಬಂತು, ಯಾರ ಮನೆಯದು ಅಂತ ಬರೆದಿರುತ್ತಾರೆ.

ಚಿಕ್ಕಪ್ಪ: ಪಾರ್ಟ್ ಬಿಚ್ಚಲಿ, ಬೇಡ ಅನ್ನುವುದಿಲ್ಲ. ಮಂತ್ರ ಯಾಕೆ?

ನಾನು: ಇಲ್ಲಿ ಫೆಬ್ರವರಿ 8ರಂದು ಮುರಿದ ಹೊಲಿಗೆ ಸೂಜಿಗಳನ್ನು ದೇವಸ್ಥಾನಕ್ಕೆ ತಂದು ತೋಫುವಿಗೆ ಚುಚ್ಚುತ್ತಾರೆ. ಅಷ್ಟು ದಿನ ಗಟ್ಟಿ ಬಟ್ಟೆಯಲ್ಲಿ ದುಡಿದ ಸೂಜಿಗೆ ಕೊನೆಗೆ ಮೆತ್ತನೆಯ ಜಾಗ. ನೀವೂ ಆಯುಧಪೂಜೆಗೆ ಅಡಿಕೆ ಸುಲಿಯುವ ಮಿಷನ್ನಿಗೆ ಕುಂಕುಮ ಇಡುತ್ತೀರಿ, ಅಲ್ವಾ? ಅಜ್ಜನ ಸ್ಕೂಟರ್ ಗುಜರಿಗೆ ಹೋದ ದಿನ ನೀವು ಮಧ್ಯಾಹ್ನ ಊಟ ಮಾಡಲಿಲ್ಲ. ನನಗೆ ಚೆನ್ನಾಗಿ ನೆನಪಿದೆ.

ಚಿಕ್ಕಪ್ಪ: ಅದು ಅಪ್ಪನ ನೆನಪಿಗೆ. ಸ್ಕೂಟರಿಗಲ್ಲ.

ನಾನು: ಇವರದೂ ಹಾಗೇ ಇರಬಹುದಲ್ಲ ಚಿಕ್ಕಪ್ಪ. ಆ ನಾಯಿ ಓಡಾಡುತ್ತಿದ್ದ ಮನೆಯಲ್ಲಿ ಗಂಡ ಇದ್ದ, ಮಕ್ಕಳು ಇದ್ದರು.

ಡಲ್ಲಾಸ್ ಭಾವ: ಪುಟ್ಟಿ, ನಾನು ಒಪ್ಪುವುದಿಲ್ಲ. ಸ್ಕೂಟರ್ ಯಾರನ್ನೂ ಪ್ರೀತಿಸುವ ಹಾಗೆ ನಟಿಸುವುದಿಲ್ಲ. ಐಬೋ ಬಾಲ ಅಲ್ಲಾಡಿಸುತ್ತದೆ. ಒಂಟಿಯಾಗಿರುವ ವಯಸ್ಸಾದವರಿಗೆ ಅಂಥದ್ದನ್ನು ಕೊಟ್ಟು, ಆಮೇಲೆ ರಿಪೇರಿ ಇಲ್ಲ ಅಂದರೆ ಅವರ ಗತಿ ಏನು? ಅದಕ್ಕಿಂತ ದೊಡ್ಡ ಭಯ ನನಗೆ ಇನ್ನೊಂದಿದೆ. ಹೇಗೂ ಯಂತ್ರ ಇದೆಯಲ್ಲ ಅಂತ ಮಕ್ಕಳು ಹೋಗಿ ನೋಡುವುದನ್ನೇ ಬಿಡುತ್ತಾರೆ.

ನಾನು: ಆ ಭಯ ನನಗೂ ಇದೆ ಭಾವ. ಮಕ್ಕಳು ಹೋಗದಿದ್ದರೆ ಅದು ಮಕ್ಕಳ ತಪ್ಪು. ನಾಯಿಗೆ ಹೆಸರಿಟ್ಟು ಕರೆದ ಅಜ್ಜಿಯ ತಪ್ಪಲ್ಲ. ಅವಳನ್ನು ನೋಡಿ ಅಯ್ಯೋ ಪಾಪ ಅನ್ನುವುದು ನನಗೆ ಬೇಸರ ತರುತ್ತದೆ.

ಸಾಗರದ ಅತ್ತೆ: ನಾನು ಒಂದು ಹೇಳಬೇಕು. ಟೈಪ್ ಮಾಡುವುದು ನಿಧಾನ, ಮಧ್ಯದಲ್ಲಿ ಯಾರೂ ಏನೂ ಹಾಕಬೇಡಿ.

ಸಾಗರದ ಅತ್ತೆ: ಹೋದ ವರ್ಷ ರಜಕ್ಕೆ ಬಂದಾಗ ಮೊಮ್ಮಗಳ ಕೈಯಲ್ಲಿ ಒಂದು ಮೊಟ್ಟೆ ಆಟಿಕೆ ಇತ್ತು. ತಮಗೋಚಿ ಅಂತೆ. ಮೂರು ಗುಂಡಿ. ಹೊರಡುವಾಗ ನನ್ನ ದಿಂಬಿನ ಕೆಳಗೆ ಇಟ್ಟು ಹೋಗಿದ್ದಳು. ಹೇಗೆ ನೋಡಿಕೊಳ್ಳಬೇಕು ಅಂತ ಚೀಟಿ ಬರೆದಿದ್ದಳು, ಕನ್ನಡದಲ್ಲಿ. ಕಾಗುಣಿತ ತುಂಬಾ ತಪ್ಪು. ಆ ಚೀಟಿ ದೇವರ ಮನೆಯಲ್ಲಿದೆ.

ಡಲ್ಲಾಸ್ ಭಾವ: ಅಮ್ಮ, ಅದು ಕಳೆದುಹೋಯಿತು ಅಂತಲ್ಲವಾ ಅವಳು ಹೇಳಿದ್ದು?

ಸಾಗರದ ಅತ್ತೆ: ನಾನೇ ಹಾಗೆ ಹೇಳು ಅಂದಿದ್ದೆ. ನೀವೆಲ್ಲ ಏನು ಅಂದುಕೊಳ್ಳುತ್ತೀರೋ ಅಂತ. ಅದಕ್ಕೆ ಹಸಿವಾದರೆ ಕೀ ಕೀ ಅನ್ನುತ್ತದೆ. ಊಟ ಕೊಡಬೇಕು, ಗಲೀಜು ಮಾಡಿದರೆ ತೆಗೆಯಬೇಕು, ಹುಷಾರಿಲ್ಲದಿದ್ದರೆ ಇಂಜೆಕ್ಷನ್. ಮಲಗಿದ ಮೇಲೆ ದೀಪ ಆರಿಸಬೇಕು. ಅದಕ್ಕೆ ಜೀವ ಇಲ್ಲ ಅಂತ ನನಗೆ ಗೊತ್ತು ಅಪ್ಪಿ. ಐವತ್ತು ವರ್ಷ ದನ ಸಾಕಿದವಳು ನಾನು.

ಸಾಗರದ ಅತ್ತೆ: ನಿಮ್ಮಪ್ಪ ಹೋದರು. ಮಂಡಿ ನೋವು ಜಾಸ್ತಿಯಾಗಿ ದನಗಳನ್ನೂ ಕೊಟ್ಟಾಯಿತು. ಆಮೇಲೂ ಬೆಳಗಿನ ಜಾವ ಎಚ್ಚರ ಆಗುತ್ತಿತ್ತು. ಎದ್ದು ಕೊಟ್ಟಿಗೆಯ ಬಾಗಿಲವರೆಗೆ ಹೋಗಿ ವಾಪಸ್ ಬರುತ್ತಿದ್ದೆ. ನೀನು ದಿನಾ ಫೋನ್ ಮಾಡುತ್ತೀಯ. ಊಟ ಆಯ್ತಾ, ಮಾತ್ರೆ ತಗೊಂಡೆಯಾ, ಬಿಪಿ ಎಷ್ಟು ಅಂತ ಕೇಳುತ್ತೀಯ. ತಪ್ಪು ಅನ್ನುತ್ತಿಲ್ಲ. ಎಲ್ಲರೂ ನನ್ನನ್ನು ನೋಡಿಕೊಳ್ಳುತ್ತೀರಿ. ನಾನು ನೋಡಿಕೊಳ್ಳಲಿಕ್ಕೆ ಈ ಮನೆಯಲ್ಲಿ ಏನು ಉಳಿದಿತ್ತು ಹೇಳು?

ಚಿಕ್ಕಪ್ಪ: ಅಕ್ಕಾ, ಮೂರು ಮನೆ ಆಚೆ ಇದ್ದೇನೆ. ನನಗೂ ಹೇಳಲಿಲ್ಲವಲ್ಲ.

ಸಾಗರದ ಅತ್ತೆ: ಹೇಳಲಿಕ್ಕೆ ನಾಚಿಕೆ ಆಯಿತು ತಮ್ಮ. ಮೊದಲನೇದು 12 ದಿನ ಇತ್ತು. ಸತ್ತಾಗ ರೆಕ್ಕೆ ಬಂದು ಹಾರಿಹೋದ ಹಾಗೆ ತೋರಿಸಿತು. ಆ ದಿನ ಅತ್ತುಬಿಟ್ಟೆ. ನಿಮ್ಮ ಭಾವ ಹೋದಾಗ ಮನೆ ತುಂಬಾ ಜನ, ಅಡುಗೆ, ಹದಿಮೂರು ದಿನದ ಕೆಲಸ. ಆಗ ಸರಿಯಾಗಿ ಅಳುವುದೇ ಆಗಿರಲಿಲ್ಲ.

ನಾನು: ಅತ್ತೆ...

ನಾನು: 1996ರಲ್ಲಿ ಬಂಡಾಯ್ ಕಂಪನಿ ಇಲ್ಲಿ ಮೊದಲು ಮಾರಿದ ತಮಗೋಚಿಯಲ್ಲಿ ರೆಕ್ಕೆ ಇರಲಿಲ್ಲ ಅತ್ತೆ. ಸತ್ತರೆ ಒಂದು ಸಮಾಧಿ, ಪಕ್ಕದಲ್ಲಿ ಸಣ್ಣ ಪ್ರೇತ. ಅಮೆರಿಕಕ್ಕೆ ಕಳಿಸುವಾಗ ಅದನ್ನು ರೆಕ್ಕೆ ಇರುವ ದೇವದೂತ ಮಾಡಿದರು. ನೀವು ನೋಡಿದ್ದು ಅದು.

ಸಾಗರದ ಅತ್ತೆ: ರೆಕ್ಕೆಯೇ ಒಳ್ಳೇದು. ಆಮೇಲೆ ಗುಂಡಿ ಒತ್ತಿದೆ, ಹೊಸ ಮೊಟ್ಟೆ ಬಂತು. ಈಗಿರುವುದು ನಾಲ್ಕನೇದು.

ಡಲ್ಲಾಸ್ ಭಾವ: ಅಮ್ಮ, ನಿನಗೆ ಬೇಜಾರು ಮಾಡಬೇಕು ಅಂತ ಬರೆದಿದ್ದಲ್ಲ. ಯಂತ್ರದ ಬಗ್ಗೆ ನನ್ನ ಮಾತು ಈಗಲೂ ಅದೇ. ನನಗೆ ಹೊಟ್ಟೆ ಉರಿಯುತ್ತಿರುವುದು ಬೇರೆ ಕಾರಣಕ್ಕೆ. ನಾನು ಕೊಡಬೇಕಾಗಿದ್ದನ್ನು ಅದು ಕೊಟ್ಟಿತಲ್ಲ ಅಂತ.

ಸಾಗರದ ಅತ್ತೆ: ಅದು ಏನೂ ಕೊಡುವುದಿಲ್ಲ ಅಪ್ಪಿ. ಕೇಳುತ್ತದೆ ಅಷ್ಟೇ.

(ಸುಮಾರು ಅರ್ಧ ಗಂಟೆ ಗುಂಪಿನಲ್ಲಿ ಯಾರೂ ಏನೂ ಬರೆಯಲಿಲ್ಲ.)

ಡಲ್ಲಾಸ್ ಭಾವ: ಅಮ್ಮ, ಮಗಳಿಗೆ ಮೂರು ದಿನದಿಂದ ಕೆಮ್ಮು. ಡಾಕ್ಟರು ಗಾಬರಿ ಬೇಡ ಅಂದರು. ನೀನು ನನಗೆ ಮಾಡಿ ಕೊಡುತ್ತಿದ್ದ ಕಷಾಯಕ್ಕೆ ಏನೇನು ಹಾಕಬೇಕು?

ಸಾಗರದ ಅತ್ತೆ: ಮೂರು ದಿನದಿಂದಾ? ಮೊದಲೇ ಹೇಳಬಾರದಾ! ಜೀರಿಗೆ, ಕೊತ್ತಂಬರಿ, ನಾಲ್ಕೇ ಕಾಳು ಮೆಣಸು, ಶುಂಠಿ. ಜೀರಿಗೆ ಸುಮ್ನೆ ಹುರಿದರೆ ಆಗುವುದಿಲ್ಲ, ಪರಿಮಳ ಬರಬೇಕು. ವಿಡಿಯೋ ಕಾಲ್ ಮಾಡು, ಒಲೆಯ ಮುಂದೆ ಫೋನ್ ನಿಲ್ಲಿಸು, ನಾನು ನೋಡುತ್ತಾ ಹೇಳುತ್ತೇನೆ. ಐದು ನಿಮಿಷ ತಡಿ. ಇದು ಕೂಗುತ್ತಿದೆ, ಊಟ ಹಾಕಿ ಬಂದೆ.

ಡಲ್ಲಾಸ್ ಭಾವ: ಸರಿ ಅಮ್ಮ. ಅವಳು ಪಕ್ಕದಲ್ಲೇ ಇದ್ದಾಳೆ. ನಾಲ್ಕನೇದಕ್ಕೆ ಏನು ಹೆಸರಿಟ್ಟೆ ಅಂತ ಕೇಳುತ್ತಿದ್ದಾಳೆ.