ಬೆಂಗಳೂರಲ್ಲಿ ಕನ್ನಡದ ಎಎ ಮೀಟಿಂಗ್ ಹುಡುಕೋದು ಹೇಗೆ?

ಪ್ರಶ್ನೆ: ಕುಡಿತ ಬಿಟ್ಟು ಸ್ವಲ್ಪ ದಿನ ಆಯ್ತು. ಹತ್ತಿರದ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡೋಕೆ ಒಬ್ಬರಿಗೊಬ್ಬರು ನೆರವಾಗುವ ಗುಂಪು) ಮೀಟಿಂಗಿಗೆ ಹೋದರೆ ಬರೀ ಇಂಗ್ಲಿಷ್. ನನ್ನ ಸರದಿ ಬಂದಾಗ ಹೆಸರು ಹೇಳಿ, ಟೀ ಲೋಟ ಹಿಡಿದು ಸುಮ್ನೆ ಕೂತೆ. ದೇವರ ಮಾತೂ ಜಾಸ್ತಿ ಅನಿಸಿತು. ಬೇರೆ ಕಡೆ ಹೋಗಲಾ?

ಉತ್ತರ 1: ಹೋಗಿ, ಯಾರೂ ಬೇಜಾರು ಮಾಡಿಕೊಳ್ಳಲ್ಲ. ಎಎ ಸಹಾಯವಾಣಿಗೆ ಫೋನ್ ಮಾಡಿ, ಕನ್ನಡ ಗುಂಪು ಎಲ್ಲಿದೆ ಅಂತ ಕೇಳಿ. ಓಪನ್ ಮೀಟಿಂಗಿಗೆ ಮನೆಯವರೂ ಬರಬಹುದು, ಕ್ಲೋಸ್ಡ್ ಅಂದರೆ ಕುಡಿತ ಬಿಡಬೇಕು ಅನ್ನುವವರಿಗೆ ಮಾತ್ರ, ಬಾಯಿ ಬಿಟ್ಟು ಮಾತಾಡೋಕೆ ನನಗೆ ಅದೇ ಸರಿ ಅನಿಸಿದ್ದು. ಫೀಸು ಇಲ್ಲ. ಕೊನೆಗೆ ಡಬ್ಬಿ ಬರುತ್ತೆ, ಹಾಕಲೇಬೇಕು ಅಂತೇನಿಲ್ಲ.

ಉತ್ತರ 2: ದೇವರ ವಿಷಯ ನನಗೂ ಕಿರಿಕಿರಿಯೇ. ಎಎ ಹೇಳಿಕೊಡುವ ಹನ್ನೆರಡು ಹೆಜ್ಜೆಗಳಲ್ಲಿ 'ನಾವು ಅರಿತಂತೆ ದೇವರು' ಅಂತಲೇ ಇದೆ, ಹಾಗಾಗಿ ಕೆಲವರು ಗುಂಪನ್ನೇ ಆ ದೇವರು ಅಂದುಕೊಳ್ಳುತ್ತಾರೆ. ಅದೂ ಒಗ್ಗದಿದ್ದರೆ ದೇವರ ಮಾತಿಲ್ಲದ ಇನ್ನೊಂದು ಗುಂಪು, ಸ್ಮಾರ್ಟ್ ರಿಕವರಿ, ಆನ್‌ಲೈನಲ್ಲಿದೆ, ಆದರೆ ಇಂಗ್ಲಿಷ್ ಬೇಕು.

ಉತ್ತರ 3: ನನ್ನ ಯಜಮಾನರು ಎಎಗೆ, ನಾನು ಅಲ್-ಅನಾನ್‌ಗೆ. ಅದು ಮನೆಯವರ ಗುಂಪು. ಒಂದು ಮಾತು: ಕುಡಿತ ಬಿಟ್ಟ ಮೇಲೆ ಕೈ ನಡುಕ, ಫಿಟ್ಸ್, ಇಲ್ಲದ್ದು ಕಾಣೋದು ಇದ್ದರೆ ಮೀಟಿಂಗ್ ಆಮೇಲೆ, ಮೊದಲು ಆಸ್ಪತ್ರೆ. ನಿಮ್ಹಾನ್ಸ್‌ನಲ್ಲಿ ವ್ಯಸನದ್ದೇ ವಿಭಾಗ ಇದೆ. ವ್ಯಸನಮುಕ್ತಿಗೆ ಸರ್ಕಾರದ ಉಚಿತ ಸಹಾಯವಾಣಿ 14446.