ಹಿತ್ತಲಿನ ಅಟ್ಟಣಿಗೆಯ ಸವೆದ ಹಲಗೆಗಳನ್ನಷ್ಟೇ ಬದಲಿಸಬಹುದೇ?

ಪ್ರಶ್ನೆ, ಕಲಬುರಗಿಯಿಂದ:
ಎಲ್ಲರಿಗೂ ಶರಣು. ಬ್ರಹ್ಮಪುರದ ನಮ್ಮ ಹಳೆಯ ಮನೆಯ ಹಿತ್ತಲಿನಲ್ಲಿ, ಶಹಾಬಾದ್ ಕಲ್ಲಿನ ಗಿಡ್ಡ ಕಂಬಗಳ ಮೇಲೆ ಜಂತಿಗಳನ್ನಿಟ್ಟು ಸಾಗವಾನಿ ಹಲಗೆ ಹೊಡೆಸಿದ ಅಟ್ಟಣಿಗೆಯಿದೆ. ಬೇವಿನ ನೆರಳಿರುವ ಕಡೆಯ ಹಲಗೆಗಳು ಮೆತ್ತಗಾಗಿವೆ. ಮೊಳೆಗಳ ತಲೆ ಮೇಲೆದ್ದು, ಸಂಜೆ ಅಲ್ಲಿ ಕೂಡುವ ಅವ್ವನ ಸೆರಗು ಸಿಕ್ಕಿಕೊಳ್ಳುತ್ತದೆ. ಬಡಿಗರು ಎಲ್ಲವನ್ನೂ ಕಿತ್ತು ಹೊಸದನ್ನೇ ಹಾಕಬೇಕೆನ್ನುತ್ತಾರೆ. ಕೆಟ್ಟವನ್ನಷ್ಟೇ ಬದಲಿಸಿದರೆ ಸಾಲದೇ?

ಉತ್ತರ, ಬೀದರಿನಿಂದ:
ಖಂಡಿತ ಸಾಕು ಸರ್, ಆದರೆ ಹಲಗೆ ಕೊಳ್ಳುವ ಮೊದಲು ಜಂತಿಗಳನ್ನು ನೋಡಿರಿ. ಮಳೆನೀರು ಮೊಳೆಯ ಗುಂಟ ಇಳಿದು ಜಂತಿಯ ಮೇಲ್ಮೈಯಲ್ಲೇ ನಿಲ್ಲುವುದರಿಂದ, ಮೇಲಿನ ಹಲಗೆ ಚೆನ್ನಾಗಿ ಕಂಡರೂ ಅದರ ಅಡಿಯಲ್ಲಿ ಕೊಳೆತಿರುವುದುಂಟು. ಸ್ಕ್ರೂಡ್ರೈವರಿನ ತುದಿಯನ್ನು ಒತ್ತಿದಾಗ ಅದು ಸುಲಭವಾಗಿ ಒಳಗೆ ಹೋಗಿ, ಕಟ್ಟಿಗೆ ಎಳೆಯಾಗಿ ಸಿಬಿರೇಳದೆ ಪುಡಿಯಾಗಿ ಉದುರಿದರೆ ಆ ಭಾಗ ಕೆಟ್ಟಿದೆ. ಕೆಡುಕು ಅಲ್ಪವಿದ್ದರೆ ಅದನ್ನು ಕೆತ್ತಿ ತೆಗೆದು, ಪಕ್ಕಕ್ಕೆ ಹೊಸ ಜಂತಿಯನ್ನು ಬೋಲ್ಟಿನಿಂದ ಜೋಡಿಸಬಹುದು.

ಕಿತ್ತ ಹಲಗೆಗಳನ್ನು ಕೂಡಲೇ ಒಲೆಗೆ ಹಾಕಬೇಡಿರಿ. ಬಿಸಿಲು, ಮಳೆ, ತುಳಿತ ಎಲ್ಲವೂ ಮೇಲ್ಮುಖಕ್ಕೇ ಬಿದ್ದಿರುವುದರಿಂದ ಹಳೆಯ ಸಾಗವಾನಿಯ ಅಡಿಮುಖ ಎಷ್ಟೋ ಸಲ ಗಟ್ಟಿಯಾಗಿರುತ್ತದೆ; ಅಂಥವನ್ನು ತಿರುವಿ ಹಾಕಿದರಾಯಿತು. ಹೊಸದಕ್ಕೆ ಕೆಚ್ಚು ಕಟ್ಟಿಗೆಯನ್ನೇ ಕೇಳಿರಿ, ಅಂಚಿನ ಬಿಳಿ ಭಾಗವನ್ನು ಗೆದ್ದಲು ಬೇಗ ಹಿಡಿಯುತ್ತದೆ. ಹಳೆಯವು ಸವೆದು ತೆಳುವಾಗಿರುವುದರಿಂದ ಹೊಸ ಹಲಗೆಯ ಅಡಿಯನ್ನು ಅಷ್ಟೇ ಹತ್ತರಿ ಹೊಡೆಸಿರಿ. ಇಲ್ಲದಿದ್ದರೆ ಎದ್ದ ಅಂಚಿಗೆ ಹಿರಿಯರು ಎಡವುತ್ತಾರೆ. ಮೊಳೆಯ ಬದಲು ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿಸಿ, ಹಲಗೆಗಳ ನಡುವೆ ಸುಮಾರು 5 ಮಿಲಿಮೀಟರ್ ಸಂದು ಬಿಡಿಸಿರಿ.

ಉತ್ತರ, ಯಾದಗಿರಿಯಿಂದ:
ಮೇಲಿನವರ ಮಾತು ಸರಿಯಾಗಿದೆ. ನಿಮ್ಮದು ಎರೆಮಣ್ಣಿನ ನೆಲವಾಗಿದ್ದರೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಕಂಬ ಕದಲಿದೆಯೇ ಎಂದು ರಸಮಟ್ಟದಿಂದ ನೋಡಿಸಿರಿ. ಅಗಸಿ ಎಣ್ಣೆ ಹಚ್ಚುವಾಗ ಹಲಗೆಗಳ ಕೊಯ್ದ ತುದಿಗಳಿಗೆ ಎರಡೆರಡು ಸಲ ಕುಡಿಸಿರಿ, ನೀರು ಹೆಚ್ಚು ಹೀರುವುದು ಅಲ್ಲಿಯೇ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಇಡಲೇಬಾರದು. ಅವು ತಾವಾಗಿ ಕಾದು ಹೊತ್ತಿಕೊಳ್ಳಬಲ್ಲವು. ನೀರಲ್ಲಿ ಅದ್ದಿ, ಹರವಿ ಒಣಗಿಸಿರಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಒಂದು ಜಂತಿಯ ಮೇಲ್ಭಾಗ ಪುಡಿಯಾಗಿದೆ, ಉಳಿದವು ಗಟ್ಟಿಯಾಗಿವೆ. ಜೋಡು ಜಂತಿಗೆ ಬೋಲ್ಟುಗಳನ್ನು ಎಷ್ಟು ಅಂತರದಲ್ಲಿ ಹಾಕಿಸಲಿ?

ಉತ್ತರ, ಬೀದರಿನಿಂದ:
ಒಂದೂವರೆ ಅಡಿಗೆ ಒಂದರಂತೆ, ಒಂದು ಮೇಲೆ ಒಂದು ಕೆಳಗೆ ಬರುವ ಹಾಗೆ ಹಾಕಿಸಿರಿ. ಹೊಸ ಜಂತಿಯ ಎರಡೂ ತುದಿಗಳು ಕಂಬದ ಮೇಲೆಯೇ ಕೂಡಬೇಕು.